ಮದಾಮ್ ತರ್ದಿವೆಲ್ ಅವರ ಕಿವಿ

ಲಿಮೋಜ್ ಊರಿನಲ್ಲಿ ಮದಾಮ್ ಒಡಿಲ್ ತರ್ದಿವೆಲ್ ಅವರ ಕಿವಿಯ ಮೇಲೆ ಆಣೆ ಇಡುವವರಿದ್ದರು. ಊಟಕ್ಕೆ ಕರೆದ ಮನೆಗಳಲ್ಲಿ, ಮಾಂಸದ ತಟ್ಟೆ ಎದ್ದು ಚೀಸ್ ಬರುವ ಹೊತ್ತಿಗೆ, ಯಾರಾದರೊಬ್ಬರು ಚಮಚದಿಂದ ವೈನ್ ಲೋಟಕ್ಕೆ ಟಿಣ್ಣೆಂದು ಬಡಿದು, "ಇದು ಯಾವ ಸ್ವರ ಮದಾಮ್?" ಎಂದು ಕೇಳಿಯೇ ಕೇಳುತ್ತಿದ್ದರು. ಮದಾಮ್ ತಲೆ ಎತ್ತದೆ, ಬ್ರೆಡ್ಡು ಮುರಿಯುತ್ತಲೇ, "ಫಾ. ಒಂದು ಕೂದಲೆಳೆ ಇಳಿದಿದೆ. ಒಂದು ಗುಟುಕು ಕುಡೀರಿ, ಸರಿಹೋಗುತ್ತೆ" ಎನ್ನುತ್ತಿದ್ದರು. ಕುಡಿದು ಬಡಿದರೆ ನಿಜವಾಗಿಯೂ ಸರಿಹೋಗಿರುತ್ತಿತ್ತು. ಸಂಗೀತದ ಗಂಧಗಾಳಿ ಇಲ್ಲದವರಿಗೂ ಈ ಆಟದಲ್ಲಿ ಹೆಮ್ಮೆಯಿತ್ತು; ಪಿಂಗಾಣಿ ತಟ್ಟೆ ಬಿಟ್ಟರೆ ತಮ್ಮ ಊರಿನಲ್ಲಿ ತೋರಿಸಿಕೊಳ್ಳಲು ಇನ್ನೊಂದು ವಸ್ತುವಿದೆ ಎಂಬ ಹೆಮ್ಮೆ.

ಆ ಕಿವಿ ಹುಟ್ಟುವಾಗಲೇ ಬಂದದ್ದು. ಒಡಿಲ್‌ಳ ಅಪ್ಪ ವಿಯೆರ್ಜೋನ್ ಹತ್ತಿರದ ಒಂದು ಸಣ್ಣ ನಿಲ್ದಾಣದ ಸ್ಟೇಷನ್ ಮಾಸ್ಟರ್. ಐದು ವರ್ಷದ ಹುಡುಗಿ ಅಡುಗೆಮನೆಯಲ್ಲಿ ಸೂಪು ಕುಡಿಯುತ್ತ ಕೂತು, ದೂರದಲ್ಲಿ ಸಿಳ್ಳೆ ಹಾಕಿದ ಎಂಜಿನ್ನು ಯಾವುದೆಂದು ಹೇಳುತ್ತಿದ್ದಳು. ಹತ್ತು ವರ್ಷಕ್ಕೆ ಅವಳನ್ನು ಪ್ಯಾರಿಸ್‌ನ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟರು. ಅಲ್ಲಿ ಒಬ್ಬ ಮುದುಕ ಮೇಷ್ಟ್ರು ಅವಳ ಅಂಗೈ ಹಿಂಬದಿಯ ಮೇಲೆ ನಾಣ್ಯ ಇಟ್ಟು ನುಡಿಸಲು ಹೇಳುತ್ತಿದ್ದ; ನಾಣ್ಯ ಬಿದ್ದರೆ ಆ ದಿನದ ಪಾಠ ಮುಗಿಯಿತು. ಹದಿನೈದಕ್ಕೆ ಮೊದಲ ಬಹುಮಾನ. ಆಮೇಲೆ ಲಿಲ್, ಬ್ರಸೆಲ್ಸ್, ಜಿನೀವಾ, ಅರ್ಧ ತುಂಬಿದ ಸಭಾಂಗಣಗಳು, ನುಡಿಸಿದ್ದಕ್ಕಿಂತ ಉಟ್ಟ ಬಟ್ಟೆಯ ಬಗ್ಗೆಯೇ ಹೆಚ್ಚು ಬರೆಯುವ ಪತ್ರಿಕೆಯವರು. ಚೆಲ್ಲೋ ನುಡಿಸುತ್ತಿದ್ದ ತೆಯೋದೋರ್ ತರ್ದಿವೆಲ್ ಜೊತೆ ಮದುವೆಯಾಯಿತು, ಯುದ್ಧದ ಎರಡನೇ ಚಳಿಗಾಲದಲ್ಲಿ ಅವನು ಎದೆನೋವಿನಲ್ಲಿ ಹೋದ. ಒಡಿಲ್ ಒಂದು ಪೆಟ್ಟಿಗೆ ಹಿಡಿದು ಲಿಮೋಜ್‌ನಲ್ಲಿದ್ದ ತಂಗಿ ಎದ್ವಿಜ್‌ಳ ಮನೆಗೆ ಬಂದು, ಊರಿನ ಸಂಗೀತ ಶಾಲೆಯಲ್ಲಿ ಪಿಯಾನೋ ಕಲಿಸುವ ಕೆಲಸಕ್ಕೆ ಸೇರಿದರು. ದೊಡ್ಡ ಹೆಸರು ಬರಲಿಲ್ಲ, ಸಣ್ಣ ಹೆಸರು ಹೋಗಲಿಲ್ಲ.

ವಯಸ್ಸು ಒಂದೊಂದಾಗಿ ಕಿತ್ತುಕೊಂಡಿತು. ಮೊದಲು ಎಡಗೈ ಕಿರುಬೆರಳು ಬಿಗಿಯಿತು. ಆಮೇಲೆ ನೆನಪು. ಪುಸ್ತಕವಿಲ್ಲದೆ ನುಡಿಸುತ್ತಿದ್ದವರು ಪುಸ್ತಕ ಮುಂದಿಟ್ಟುಕೊಳ್ಳತೊಡಗಿದರು. "ಹೋಗ್ಲಿ ಬಿಡು, ಕಿವಿ ಇದೆಯಲ್ಲ" ಎಂದು ತಂಗಿಗೆ ಹೇಳುತ್ತಿದ್ದರು. ಮನುಷ್ಯ ಹೀಗೆ ಬಾಯಿಬಿಟ್ಟು ಹೇಳಬಾರದು. ಕೇಳಿಸಿಕೊಳ್ಳುವವರು ಎಲ್ಲಿರುತ್ತಾರೋ ಯಾರಿಗೆ ಗೊತ್ತು.

ಹೀಗಿರುವಾಗ ಒಂದು ಚಳಿಗಾಲದ ಬೆಳಿಗ್ಗೆ ಮದಾಮ್ ಪಿಯಾನೋ ಮುಂದೆ ಕೂತು ಸೋಲ್ ಒತ್ತಿದರು. ಪಿಯಾನೋ ಲಾ ಬೆಮೋಲ್ ಎಂದಿತು. ಅಲ್ಲಿಯ ಸರಿಗಮವೆಂದರೆ ದೋ ರೆ ಮಿ ಫಾ ಸೋಲ್ ಲಾ ಸಿ; ಲಾ ಬೆಮೋಲ್ ಎಂದರೆ ಸೋಲ್‌ನ ಪಕ್ಕದ ಕರಿ ಮನೆ, ಅರ್ಧ ಮೆಟ್ಟಿಲು ಮೇಲಿನದು. ಅವರು ಇನ್ನೊಂದು ಮನೆ ಒತ್ತಿದರು, ಮತ್ತೊಂದು ಒತ್ತಿದರು. ಇಡೀ ಪಿಯಾನೋ ಅರ್ಧ ಮೆಟ್ಟಿಲು ಹತ್ತಿ ಕೂತಿತ್ತು. ಹಿಂದಿನ ದಿನವಷ್ಟೇ ಶ್ರುತಿ ಮಾಡಿ ಹೋಗಿದ್ದ ಮೊಸ್ಯೂ ಫ್ಲೋಕೇಯನ್ನು ಆ ಕ್ಷಣವೇ ಕರೆಸಿದರು.

"ನನ್ನ ಪಿಯಾನೋನ ಏನ್ ಮಾಡಿಟ್ಟಿದೀರಿ ಮೊಸ್ಯೂ ಫ್ಲೋಕೇ?"

"ಪ್ರತಿ ಸಲ ಮಾಡೋದೇ ಮಾಡಿದೀನಿ ಮದಾಮ್."

"ಅರ್ಧ ಸ್ವರ ಏರಿಸಿದೀರಿ."

ಫ್ಲೋಕೇ ನಕ್ಕ; ತಮಾಷೆ ಅಂದುಕೊಂಡ. ನಂತರ ಜೇಬಿನಿಂದ ಲಾ ಸ್ವರ ಕೊಡುವ ಉಕ್ಕಿನ ಕವೆ ತೆಗೆದು ಮೊಣಕಾಲಿಗೆ ಬಡಿದು ಅವರ ಕಿವಿಯ ಹತ್ತಿರ ಹಿಡಿದ. ಅದೂ ಅರ್ಧ ಮೇಲಿತ್ತು. "ನಿಮ್ಮ ಕವೇನೇ ಸುಳ್ಳು" ಎಂದರು ಮದಾಮ್. ಉಕ್ಕಿನ ಕವೆಗೆ ಸುಳ್ಳು ಹೇಳುವುದು ಹೇಗೆ ಗೊತ್ತಿರುತ್ತದೆ ಎಂದು ಫ್ಲೋಕೇ ಕೇಳಲಿಲ್ಲ. ಊರೆಲ್ಲ ಆಣೆ ಇಡುವ ಕಿವಿಯ ಎದುರು ಅವನೇನು ಕೇಳಿಯಾನು. ಟೋಪಿ ಹಾಕಿಕೊಂಡು ಹೋದ. ಮರುವಾರ ಶಾಲೆಯ ಪಿಯಾನೋಗಳೂ ಏರಿವೆಯೆಂದು ಮದಾಮ್ ದೂರು ಕೊಟ್ಟರು. ನಿರ್ದೇಶಕ ಮೊಸ್ಯೂ ಪೆಲ್ತಿಯೇ ಟ್ರಂಬೋನ್ ಊದುವ ಮನುಷ್ಯ, ಮದಾಮ್ ಹೇಳಿದ ಮೇಲೆ ಅವರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಫ್ಲೋಕೇಯನ್ನು ಬಿಡಿಸಿ ಕ್ಲೆರ್ಮೋನ್ ಊರಿನಿಂದ ಬೇರೆಯವನನ್ನು ಕರೆಸಿದರು. ಫ್ಲೋಕೇ ಮಗಳ ಊರಿಗೆ ಹೊರಟುಹೋದ.

"ಹೊಸಬನೂ ಹಾಗೇ ಮಾಡಿದಾನೆ" ಎಂದು ಮದಾಮ್ ಒಂದು ಸಂಜೆ ತಂಗಿಯ ಮುಂದೆ ಗೊಣಗಿದರು.

ಎದ್ವಿಜ್‌ಗೆ ಸ್ವರವೆಂದರೆ ಒಂದು ಜೋರು, ಇನ್ನೊಂದು ಮೆಲ್ಲಗೆ, ಅಷ್ಟೇ. ಆದರೆ ಬಾಯಿ ಚುರುಕು. ಚೆಸ್ಟ್‌ನಟ್ ಸಿಪ್ಪೆ ಸುಲಿಯುತ್ತ, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಇಬ್ಬರು ಮೆಕ್ಯಾನಿಕ್ಕೂ ಕೆಟ್ಟವರು, ನೀನೊಬ್ಬಳು ಸರಿ, ಅಲ್ವಾ?" ಎಂದಳು.

"ನಿಂಗೇನು ಗೊತ್ತಾಗುತ್ತೆ ಸುಮ್ನಿರು."

"ನಂಗೇನೂ ಗೊತ್ತಾಗಲ್ಲ ಕಣೆ. ಅದಕ್ಕೇ ನೆಮ್ಮದಿಯಾಗಿದೀನಿ."

ಫೆಬ್ರವರಿಯಲ್ಲಿ ಸತ್ಯ ಗೊತ್ತಾಯಿತು. ಮದಾಮ್ ಸಂತೆಯಲ್ಲಿ ಈರುಳ್ಳಿ ಸೊಪ್ಪು ಕೊಳ್ಳುತ್ತ ನಿಂತಿದ್ದಾಗ ಸಂತ ಮಿಶೆಲ್ ಚರ್ಚಿನ ಗಂಟೆ ಹೊಡೆಯಿತು. ಇಪ್ಪತ್ತು ವರ್ಷದಿಂದ ಆ ಗಂಟೆ ಮಿ ಎನ್ನುತ್ತಿತ್ತು. ಈಗ ಅರ್ಧ ಮೆಟ್ಟಿಲು ಮೇಲಿನ ಫಾ ಎಂದಿತು. ಪಿಯಾನೋದ ತಂತಿಯನ್ನು ಯಾರು ಬೇಕಾದರೂ ತಿರುಗಿಸಿ ಏರಿಸಬಹುದು. ಗಂಟೆಯನ್ನು ಏರಿಸುವ ಫ್ಲೋಕೇ ಎಲ್ಲೂ ಇಲ್ಲ. ಅವರು ಸೊಪ್ಪನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದರು, ಮಾರುವವಳು ಎರಡು ಸಲ ಚಿಲ್ಲರೆ ಚಾಚಿದಳು.

ಕಿವಿಯ ವೈದ್ಯರು ಬೆಳಕು ಬಿಟ್ಟು ನೋಡಿ, ಪಿಸುಗುಟ್ಟಿ ನೋಡಿ, "ಚೆನ್ನಾಗೇ ಕೇಳಿಸ್ತಿದೆಯಲ್ಲ ಮದಾಮ್" ಎಂದರು. "ಕೇಳಿಸುತ್ತೆ. ತಪ್ಪು ಕೇಳಿಸುತ್ತೆ." ವೈದ್ಯರು ಕನ್ನಡಕ ತೆಗೆದು ಒರೆಸಿಕೊಂಡರು. ವಯಸ್ಸಾದ ಕೆಲವು ಸಂಗೀತಗಾರರಿಗೆ ಹೀಗಾಗುತ್ತದಂತೆ, ಔಷಧವಿಲ್ಲವಂತೆ. "ಬೇರೆಯವರಿಗೆ ಹೀಗಾದ್ರೆ ಗೊತ್ತೇ ಆಗಲ್ಲ. ನಿಮ್ಮಂಥವರಿಗೇ ತೊಂದರೆ" ಎಂದು ಸಮಾಧಾನದ ಮಾತು ಹೇಳಿ ಬಾಗಿಲವರೆಗೆ ಬಂದು ಕಳಿಸಿದರು.

ಇಲ್ಲಿ ಜಿಸ್ಲೇನ್ ಬುರ್ದೇಯ ವಿಷಯ ಹೇಳಬೇಕು. ಮದಾಮ್ ತಮ್ಮ ಜೀವಮಾನದಲ್ಲಿ ಕಲಿಸಿದವರಲ್ಲಿ ಕಿವಿಯೂ ಕೈಯೂ ಎರಡೂ ಇದ್ದವಳು ಅವಳೊಬ್ಬಳೇ. ಅವಳ ತಾಯಿ ಪಿಂಗಾಣಿ ಕಾರ್ಖಾನೆಯಲ್ಲಿ, ಒಲೆಯಿಂದ ಬಂದ ತಟ್ಟೆಗಳನ್ನು ತಟ್ಟಿ ನೋಡಿ ಬಿರುಕು ಬಿಟ್ಟವನ್ನು ಬೇರೆ ಮಾಡುವ ಕೆಲಸದವಳು. ಹುಡುಗಿ ಹನ್ನೊಂದು ವರ್ಷದವಳಿದ್ದಾಗ ಬಂದಳು, ಈಗ ಹತ್ತೊಂಬತ್ತು. ಊರಿನ ಶಾಲೆಯಲ್ಲಿ ಮೊದಲ ಬಹುಮಾನ ಬಂದವರನ್ನು ಮಾತ್ರ ನಿರ್ದೇಶಕರು ಪ್ಯಾರಿಸ್‌ನ ಪ್ರವೇಶ ಪರೀಕ್ಷೆಗೆ ಕಳಿಸುತ್ತಿದ್ದರು. ಈ ವರ್ಷ ಕಳೆದರೆ ಜಿಸ್ಲೇನ್‌ಳಿಗೆ ವಯಸ್ಸು ಮೀರುತ್ತಿತ್ತು. ಜೂನ್ ತಿಂಗಳ ಒಂದು ಮಧ್ಯಾಹ್ನ, ಕಾಲು ಗಂಟೆಯ ನುಡಿಸಾಣಿಕೆ, ಅವಳ ಮುಂದಿನ ಬಾಳೆಲ್ಲ ಅದರ ಮೇಲೆ ನಿಂತಿತ್ತು.

ಎಂಟು ವರ್ಷದಿಂದ ಪ್ರತಿ ಪಾಠವೂ ಒಂದೇ ರೀತಿ ಶುರುವಾಗುತ್ತಿತ್ತು. ಹುಡುಗಿ ಪಿಯಾನೋಗೆ ಬೆನ್ನು ಹಾಕಿ ನಿಲ್ಲಬೇಕು. ಮದಾಮ್ ಒಂದು ಮನೆ ಒತ್ತುತ್ತಾರೆ, ಹುಡುಗಿ ಸ್ವರದ ಹೆಸರು ಹೇಳಬೇಕು. ಅವಳು ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳುತ್ತಿದ್ದಳು. ಆ ಚಳಿಗಾಲದಲ್ಲಿ, ಫ್ಲೋಕೇ ಮೇಲೆ ಸಿಟ್ಟಿದ್ದ ದಿನಗಳಲ್ಲಿ, ಮದಾಮ್ ಒಂದು ಸ್ವರ ಒತ್ತಿದಾಗ ಅವಳು "ಸೋಲ್" ಎಂದಳು.

"ಸೋಲ್ ಅಲ್ಲ. ಲಾ ಬೆಮೋಲ್. ಆ ಮನುಷ್ಯ ಪಿಯಾನೋನ ಹಾಳು ಮಾಡಿದಾನೆ."

ಹುಡುಗಿ ತಿರುಗಲಿಲ್ಲ. ಕುತ್ತಿಗೆಯ ಹಿಂಭಾಗ ಕೆಂಪಗಾಯಿತು. "ನಂಗೆ ಸೋಲ್ ಅಂತ್ಲೇ ಕೇಳಿಸ್ತಿದೆ ಮದಾಮ್" ಎಂದಳು, ಬಹಳ ಮೆಲ್ಲಗೆ.

"ಹಾಗಾದ್ರೆ ನಿನ್ನ ಕಿವೀನೂ ಹಾಳಾಗ್ತಿದೆ. ನೋಡು ಮಗು, ಒಂದು ಮಾತು ನೆನಪಿಟ್ಕೋ. ನಿನ್ನ ಕಿವಿ ಒಂದು ಹೇಳಿ, ನನ್ನ ಕಿವಿ ಇನ್ನೊಂದು ಹೇಳಿದ್ರೆ, ನನ್ನದನ್ನ ನಂಬು. ಸಭೇಲಿ ಎದೆ ಹೊಡ್ಕೊಳ್ಳುವಾಗ ಸ್ವಂತ ಕಿವಿ ಮೋಸ ಮಾಡುತ್ತೆ. ಪರೀಕ್ಷೇಲಿ ನಿನ್ನ ಜೊತೆ ನಾನು ಎರಡನೇ ಪಿಯಾನೋದಲ್ಲಿ ಇರ್ತೀನಿ. ನನ್ನ ಹಿಂದೆ ಬಾ."

"ಆಯ್ತು ಮದಾಮ್."

ಅಂದಿನಿಂದ ಅವಳು ಹೇಳುವ ಮೊದಲು ಅರೆಕ್ಷಣ ತಡೆಯತೊಡಗಿದಳು. ಸಂತೆಯಲ್ಲಿ ಗಂಟೆ ಹೊಡೆದ ಮೇಲೆ ಮದಾಮ್ ಈ ಮಾತನ್ನು ವಾಪಸು ತೆಗೆದುಕೊಳ್ಳಬೇಕಿತ್ತು. "ಅವತ್ತು ನೀನು ಹೇಳಿದ್ದೇ ಸರಿ" ಎಂಬ ನಾಲ್ಕು ಪದ. ನಾಲಿಗೆ ತುದಿಗೆ ಬಂದವು, ಹೊರಗೆ ಬರಲಿಲ್ಲ. ಬೆರಳು ಹೋಯಿತೆಂದು ಹೇಳಿಕೊಳ್ಳುವುದು ಸುಲಭ, ನೆನಪು ಹೋಯಿತೆಂದೂ ನಗುತ್ತಲೇ ಹೇಳಬಹುದು. ಕಿವಿ ಹೋಯಿತೆಂದರೆ ಮದಾಮ್ ತರ್ದಿವೆಲ್ ಎಂಬ ಹೆಸರಿನಲ್ಲಿ ಉಳಿಯುವುದಾದರೂ ಏನು? ಒಂದು ಕಪ್ಪು ಕೋಟು, ಒಂದು ಕೊಡೆ.

"ಆ ಪೆಲ್ತಿಯೇಗೆ ಹೇಳಿಬಿಡು" ಎಂದಳು ಎದ್ವಿಜ್. ವೈದ್ಯರನ್ನು ಬಿಟ್ಟರೆ ಅವಳೊಬ್ಬಳಿಗೆ ಮಾತ್ರ ಸತ್ಯ ಗೊತ್ತಿತ್ತು.

"ಹೇಳಿದ್ರೆ ಎರಡನೇ ಪಿಯಾನೋಗೆ ಶಾಲೆಯ ಇನ್ನೊಬ್ಬ ಮೇಷ್ಟ್ರು ಕಾದೂನ ಕೂರಿಸ್ತಾರೆ. ಅವನು ಮರದ ಚಪ್ಪಲಿ ಹಾಕ್ಕೊಂಡು ಮೆಟ್ಟಿಲು ಹತ್ತೋ ಥರ ನುಡಿಸ್ತಾನೆ. ಹುಡುಗಿ ಕೆಟ್ಟುಹೋಗ್ತಾಳೆ."

"ಹುಡುಗಿಗೋಸ್ಕರಾನಾ, ನಿಂಗೋಸ್ಕರಾನಾ?"

"ಪರೀಕ್ಷೆ ಒಂದು ಆಗ್ಲಿ ಎದ್ವಿಜ್. ಆಮೇಲೆ ಎಲ್ಲರಿಗೂ ಹೇಳ್ತೀನಿ, ಫ್ಲೋಕೇ ಹತ್ರ ಹೋಗಿ ಕ್ಷಮೆ ಕೇಳ್ತೀನಿ."

ಎದ್ವಿಜ್ ಒಲೆಯ ಕಡೆ ತಿರುಗಿದಳು.

ಪರೀಕ್ಷೆಯಲ್ಲಿ ಒಂದು ಪದ್ಧತಿ ಇತ್ತು. ವಿದ್ಯಾರ್ಥಿ ನುಡಿಸುವುದು ಕನ್ಸರ್ಟೋ, ಅಂದರೆ ಒಂಟಿ ವಾದ್ಯವೂ ವಾದ್ಯಮೇಳವೂ ಸೇರಿ ನುಡಿಸುವ ಕೃತಿ. ವಾದ್ಯಮೇಳದ ಪಾಲನ್ನು ಕಲಿಸಿದ ಗುರುವೇ ಎರಡನೇ ಪಿಯಾನೋದಲ್ಲಿ ಕೂತು ನುಡಿಸುವುದು. ಗುರುವಿಗೆ ತೀರ್ಪಿನಲ್ಲಿ ಮಾತಿಲ್ಲ, ಆದರೆ ಬೆನ್ನ ಹಿಂದೆ ಆಸರೆಯಾಗಿ ಇರುವ ಹಕ್ಕಿದೆ. ಜಿಸ್ಲೇನ್ ಆರಿಸಿಕೊಂಡದ್ದು ಸೋಲ್ ಮೇಲೆ ನಿಂತ ಹಳೆಯ ಕನ್ಸರ್ಟೋ. ಮದಾಮ್ ಮೂರು ತಿಂಗಳು ಉಪಾಯ ಹೂಡಿ ಅಭ್ಯಾಸ ಮಾಡಿದರು. ಕಿವಿಯನ್ನು ನಂಬುವಂತಿಲ್ಲ, ಕಣ್ಣನ್ನು ನಂಬಬೇಕು. ಪುಸ್ತಕ ಬಿಟ್ಟು ಕಣ್ಣು ಅಲ್ಲಾಡಬಾರದು. ಕೇಳಿದ್ದನ್ನು ಲೆಕ್ಕಕ್ಕೆ ಹಿಡಿಯಲೇಬೇಕಾಗಿ ಬಂದರೆ ಅದರಿಂದ ಅರ್ಧ ಮೆಟ್ಟಿಲು ಕಳೆಯಬೇಕು. ಬೆರಳು ಒಂದು ಕಡೆ, ನಾದ ಇನ್ನೊಂದು ಕಡೆ. ಪಾಠ ಮುಗಿದ ಮೇಲೆ ಅವರು ಕತ್ತಲೆ ಕೋಣೆಯಲ್ಲಿ ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗುತ್ತಿದ್ದರು. ಆದರೂ ನಡೆಯಿತು. ಮೇ ತಿಂಗಳ ಕೊನೆಯ ಹೊತ್ತಿಗೆ ಒಂದು ತಪ್ಪೂ ಇರಲಿಲ್ಲ.

ಪರೀಕ್ಷೆಯ ದಿನ ಶಾಲೆಯ ಸಭಾಂಗಣದಲ್ಲಿ ಸೆಕೆ. ತಾಯಂದಿರು ಟೋಪಿ ಹಾಕಿಕೊಂಡು, ಕಾರ್ಯಕ್ರಮದ ಕಾಗದವನ್ನೇ ಬೀಸಣಿಗೆ ಮಾಡಿಕೊಂಡು ಕೂತಿದ್ದರು. ಜಿಸ್ಲೇನ್‌ಳ ತಾಯಿ ಕಾರ್ಖಾನೆಯಿಂದ ನೇರ ಬಂದು ಕೊನೆಯ ಸಾಲಿನಲ್ಲಿದ್ದಳು. ಮುಂದಿನ ಮೇಜಿನಲ್ಲಿ ಮೂವರು ತೀರ್ಪುಗಾರರು: ಮೊಸ್ಯೂ ಪೆಲ್ತಿಯೇ, ಬೋರ್ದೋದಿಂದ ಬಂದ ದಪ್ಪ ಗಾಯಕಿ, ಪ್ಯಾರಿಸ್‌ನಿಂದ ಬಂದ ತೆಳ್ಳಗಿನ ತರುಣ ಪಿಯಾನೋ ವಾದಕ. ಪೆಲ್ತಿಯೇ ಕೈ ಪಕ್ಕದಲ್ಲಿ ಹಿತ್ತಾಳೆಯ ಸಣ್ಣ ಗಂಟೆ. ಅದನ್ನು ಅಲ್ಲಾಡಿಸಿದರೆ ನುಡಿಸುವವರು ನಿಲ್ಲಿಸಬೇಕು. ಗಂಟೆಯಾದ ಮೇಲೆ ಮತ್ತೆ ಶುರುಮಾಡುವ ಹಾಗಿಲ್ಲ. ಇದು ಅಜ್ಜಂದಿರ ಕಾಲದ ನಿಯಮ.

"ಕೈ ತಣ್ಣಗಿದೆ ಮದಾಮ್" ಎಂದಳು ಜಿಸ್ಲೇನ್, ಪರದೆಯ ಹಿಂದೆ.

"ನನ್ನದೂ ತಣ್ಣಗಿದೆ. ಇಬ್ಬರೂ ಸೇರಿ ಬಿಸಿ ಮಾಡ್ಕೊಳ್ಳೋಣ ಬಾ."

ಹುಡುಗಿ ನಕ್ಕಳು. ನಗುತ್ತಲೇ ಹೋಗಿ ಕೂತಳು.

ಎಲ್ಲ ಚೆನ್ನಾಗಿ ನಡೆಯಿತು, ಅತಿ ಚೆನ್ನಾಗಿ. ಮದಾಮ್ ಕಣ್ಣನ್ನು ಪುಸ್ತಕಕ್ಕೆ ಅಂಟಿಸಿ, ಕಿವಿಯನ್ನು ಮನೆಯಲ್ಲೇ ಬಿಟ್ಟು ಬಂದವರಂತೆ ನುಡಿಸಿದರು. ಹೀಗೆ ಹೋಗುತ್ತ ಹೋಗುತ್ತ ಒಂಟಿ ಭಾಗ ಬಂತು. ಅಲ್ಲಿ ಎರಡನೇ ಪಿಯಾನೋ ಸುಮ್ಮನಾಗುತ್ತದೆ, ವಿದ್ಯಾರ್ಥಿ ಒಬ್ಬಳೇ ನುಡಿಸುತ್ತಾಳೆ. ಕೊನೆಯಲ್ಲಿ ಅವಳ ಬೆರಳು ಎರಡು ಸ್ವರಗಳ ಮಧ್ಯೆ ಬಹಳ ಹೊತ್ತು ಕಂಪಿಸಿ ಕರೆಯುತ್ತದೆ, ಆಗ ಮೇಳ ಸೋಲ್ ಮೇಲೆ ಬಂದು ಸೇರಬೇಕು. ಮದಾಮ್ ಕೈಗಳನ್ನು ಮಡಿಲಿಗೆ ತಂದರು.

ಹುಡುಗಿ ಹಾಗೆ ಯಾವತ್ತೂ ನುಡಿಸಿರಲಿಲ್ಲ. ಪಾಠದಲ್ಲಿ ಕಲಿಸಿದ್ದನ್ನೆಲ್ಲ ಮಾಡಿದಳು, ಕಲಿಸದೆ ಇದ್ದದ್ದನ್ನೂ ಮಾಡಿದಳು. ನಲವತ್ತು ವರ್ಷ ತಾವು ಹುಡುಕಿ ಸಿಗದೆ ಬಿಟ್ಟ ಒಂದು ಸದ್ದು ಆ ಕಾರ್ಖಾನೆಯವಳ ಮಗಳ ಬೆರಳಿನಿಂದ ಸಲೀಸಾಗಿ ಬರುತ್ತಿರುವುದನ್ನು ಮದಾಮ್ ಕೇಳಿದರು. ಕೇಳಿದರು, ಅದೇ ತಪ್ಪಾಯಿತು. ಅವರ ಕಣ್ಣು ತುಂಬಿ ಪುಸ್ತಕ ಮಸುಕಾಯಿತು. ಕಣ್ಣು ಮುಚ್ಚಿಕೊಂಡರು. ತಿಂಗಳುಗಟ್ಟಲೆ ಹೊರಗೆ ನಿಲ್ಲಿಸಿದ್ದ ಕಿವಿ ಒಳಗೆ ಬಂದು ತನ್ನ ಹಳೆಯ ಜಾಗದಲ್ಲಿ ಕೂತಿತು.

ಕೊನೆಯ ಕಂಪನ ಶುರುವಾಯಿತು, ಕರೆಯಿತು. ಮದಾಮ್ ಅವರ ಕಿವಿಗೆ ಅದು ಲಾ ಬೆಮೋಲನ್ನು ಕರೆಯುತ್ತಿತ್ತು. ಕೈಗಳು ಎದ್ದು, ಅರವತ್ತು ವರ್ಷದ ಅಭ್ಯಾಸದಂತೆ, ಕಿವಿ ಹೇಳಿದಲ್ಲಿಗೆ ಹೋಗಿ ಇಳಿದವು.

ಸಭೆಯಲ್ಲಿ ಒಂದಿಬ್ಬರು ಮುಖ ಕಿವಿಚಿದರು. ಮದಾಮ್ ಅವರಿಗೂ ಏನೋ ಕಚ್ಚಿತು. ತಮ್ಮ ಕೈಯಿಂದ ಬಂದದ್ದು ಲಾ ಎಂದು ಕೇಳಿಸಿತು. ಕೂಡಲೇ ಲೆಕ್ಕ ಹಾಕಿದರು: ಕೇಳಿದ್ದು ಲಾ, ಅರ್ಧ ಕಳೆದರೆ ಲಾ ಬೆಮೋಲ್, ಹುಡುಗಿ ಕರೆದದ್ದೂ ಲಾ ಬೆಮೋಲ್, ಹಾಗಾದರೆ ನಾನು ಸರಿ. ತಮ್ಮ ಸ್ವರದಿಂದ ಅರ್ಧ ಕಳೆದವರು ಹುಡುಗಿಯ ಸ್ವರದಿಂದ ಕಳೆಯಲು ಮರೆತರು. ಧೈರ್ಯವಾಗಿ ಮುಂದುವರಿದರು.

ಜಿಸ್ಲೇನ್ ಮದಾಮ್ ಕಡೆ ನೋಡಿದಳು. ಅವಳ ಕೈಗಳು ಸೋಲ್ ಮೇಲೆ, ಇರಬೇಕಾದ ಜಾಗದಲ್ಲೇ, ಸಿದ್ಧವಾಗಿದ್ದವು. ಎರಡು ಸಾಲು ಕಳೆದು ಅವಳು ಸೇರಬೇಕಿತ್ತು. ನನ್ನದನ್ನ ನಂಬು, ನನ್ನ ಹಿಂದೆ ಬಾ. ಅವಳು ಗುರು ಹೇಳಿದ ಮಾತು ಕೇಳುವವಳು. ಸರಿಯಾದ ಜಾಗದಿಂದ ಕೈ ಎತ್ತಿ, ಅರ್ಧ ಮೆಟ್ಟಿಲು ಮೇಲಕ್ಕಿಟ್ಟು, ಲಾ ಬೆಮೋಲ್ ಮೇಲೆ ಒಳಗೆ ಬಂದಳು. ಓದದೆ, ಅಭ್ಯಾಸವಿಲ್ಲದೆ, ಇಡೀ ಸಾಲನ್ನು ಅರ್ಧ ಏರಿಸಿ ನುಡಿಸಿದಳು. ಪ್ಯಾರಿಸ್‌ನವರಲ್ಲೂ ಎಷ್ಟು ಜನ ಹಾಗೆ ಮಾಡಿಯಾರು ನಾನು ಕಾಣೆ. ಆದರೆ ಅದೇ ಕ್ಷಣ ಮದಾಮ್ ಕಣ್ಣು ತೆರೆದರು. ಪುಸ್ತಕದಲ್ಲಿ ಸೋಲ್ ಇತ್ತು. ಬೆಂಕಿ ಮುಟ್ಟಿದವರಂತೆ ಕೈ ಕಿತ್ತು ಸೋಲ್‌ಗೆ ಇಳಿದರು.

ಒಬ್ಬಳು ಇನ್ನೊಬ್ಬರನ್ನು ಹುಡುಕಿಕೊಂಡು ಹತ್ತಿದಳು, ಇನ್ನೊಬ್ಬರು ಇಳಿದರು. ಈಗ ಸಭೆಗೆಲ್ಲ ಕಂಡದ್ದು ಒಂದೇ: ಮದಾಮ್ ತರ್ದಿವೆಲ್ ಸರಿಯಾದ ಜಾಗದಲ್ಲಿದ್ದಾರೆ, ಹುಡುಗಿ ದಾರಿ ತಪ್ಪಿದ್ದಾಳೆ. ಮೊದಲು ಕಚ್ಚಿದ ಅಪಸ್ವರವನ್ನೂ ಹುಡುಗಿಯ ಲೆಕ್ಕಕ್ಕೇ ಬರೆದುಕೊಂಡರು; ಆ ಕಿವಿ ತಪ್ಪುವುದುಂಟೇ. ಪೆಲ್ತಿಯೇ ಮುಖ ಬಾಡಿತು. ಒಂದು ಸಾಲು ಕಾದರು. ಹುಡುಗಿ ಕೆಳಗಿಳಿಯಲು ಹೋಗುವಷ್ಟರಲ್ಲಿ ಗಂಟೆ ಅಲ್ಲಾಡಿಸಿದರು.

"ಧನ್ಯವಾದ ಮದ್ಮುವಾಜೆಲ್ ಬುರ್ದೇ."

ಕೊನೆಯ ಸಾಲಿನಲ್ಲಿ ಅವಳ ತಾಯಿ, ಮುಗಿಯಿತೆಂದುಕೊಂಡು, ಒಬ್ಬಳೇ ಚಪ್ಪಾಳೆ ತಟ್ಟಿದಳು.

ತೀರ್ಪುಗಾರರ ಕೋಣೆಗೆ ಗುರುಗಳು ಕಾಲಿಡಬಾರದು. ಮದಾಮ್ ಬಾಗಿಲು ತಟ್ಟದೆ ಒಳಗೆ ಹೋದರು. ಮೂವರೂ ಎದ್ದು ನಿಂತರು. ಗಾಯಕಿ ಕುರ್ಚಿ ಎಳೆದು ಕೊಟ್ಟಳು.

"ತಪ್ಪು ನನ್ನದು" ಎಂದರು ಮದಾಮ್, ಕೂರದೆ. "ಹುಡುಗಿ ಸೋಲ್ ಮೇಲೇ ಮುಗಿಸಿದ್ಲು. ನಾನು ಲಾ ಬೆಮೋಲ್‌ಗೆ ಬಂದೆ. ಅವಳು ನನ್ನ ಹಿಂದೆ ಬಂದ್ಲು."

"ಮದಾಮ್..." ಎಂದರು ಪೆಲ್ತಿಯೇ, ಬಹಳ ಮೃದುವಾಗಿ.

"ನನ್ನ ಕಿವಿ ಹೋಗಿದೆ ಮೊಸ್ಯೂ. ಚಳಿಗಾಲದಿಂದ ಎಲ್ಲಾನೂ ಅರ್ಧ ಸ್ವರ ಮೇಲೆ ಕೇಳಿಸ್ತಿದೆ. ಮುಚ್ಚಿಟ್ಟಿದ್ದೆ."

ಪೆಲ್ತಿಯೇ ಗಾಯಕಿಯ ಮುಖ ನೋಡಿದರು. ಗಾಯಕಿ ಕರವಸ್ತ್ರ ತೆಗೆದಳು. "ಇಂಥ ಗುರುಗಳು ಈಗ ಎಲ್ಲಿದ್ದಾರೆ ಹೇಳಿ" ಎಂದಳು.

"ನಾನು ತಮಾಷೆ ಮಾಡ್ತಿಲ್ಲ."

"ಮದಾಮ್, ಚಳಿಗಾಲದಲ್ಲಿ ನೀವೇ ಬಂದು ಪಿಯಾನೋ ಏರಿದೆ ಅಂದ್ರಿ. ನಿಮ್ಮ ಮಾತಿನ ಮೇಲೆ ನಾನು ಫ್ಲೋಕೇನ ತೆಗೆದೆ. ಈಗ ನಿಮ್ಮ ಕಿವೀನೇ ಸರಿಯಿರಲಿಲ್ಲ ಅಂತ ಹೇಳ್ತಿದೀರಾ?"

"ಅದನ್ನೇ ಹೇಳ್ತಿದೀನಿ. ಫ್ಲೋಕೇದೂ ತಪ್ಪಿರಲಿಲ್ಲ."

"ಪಾಪ, ಈಗ ಫ್ಲೋಕೇನೂ ಉಳಿಸೋಕೆ ಹೊರಟ್ರಲ್ಲ" ಎಂದು ಪೆಲ್ತಿಯೇ ತಲೆಯಾಡಿಸಿದರು. "ಇಡೀ ಸಭೆ ನೋಡಿದೆ. ನೀವು ಸೋಲ್‌ನಲ್ಲಿದ್ರಿ, ಅವಳು ಇರಲಿಲ್ಲ."

ಪ್ಯಾರಿಸ್‌ನ ತರುಣ ಮುಂದೆ ಬಂದ. "ಇದನ್ನ ನೋಡಿಬಿಡಬಹುದಲ್ಲ" ಎಂದು ಮೂಲೆಯ ಪಿಯಾನೋ ಹತ್ತಿರ ಹೋಗಿ, ಮದಾಮ್ ಕಡೆ ಬೆನ್ನು ಮಾಡಿ, ಒಂದು ಮನೆ ಒತ್ತಿದ.

ಆಗ ಮದಾಮ್ ಅವರಿಗೆ ತಾವು ಎಲ್ಲಿ ನಿಂತಿದ್ದೇವೆಂದು ಅರ್ಥವಾಯಿತು. ಅರ್ಧ ಕಳೆದು ಸರಿಯಾದ ಹೆಸರು ಹೇಳಿದರೆ, ಕಿವಿ ನೆಟ್ಟಗಿದೆ, ಸುಳ್ಳು ಹೇಳುತ್ತಿದ್ದಾರೆ. ಕೇಳಿದ ಹಾಗೆ ಹೇಳಿದರೆ, ಹುಡುಗಿಗಾಗಿ ಬೇಕೆಂತಲೇ ತಪ್ಪು ಹೇಳುತ್ತಿದ್ದಾರೆ. ಅತ್ತ ದರಿ, ಇತ್ತ ಪುಲಿ. ಅರವತ್ತು ವರ್ಷ ಲೋಟ ಬಡಿದವರಿಗೆಲ್ಲ ಸರಿಯುತ್ತರ ಕೊಟ್ಟ ಪಾಪವೋ ಏನೋ.

"ಸಿ ಬೆಮೋಲ್" ಎಂದರು. ಅವರಿಗೆ ಕೇಳಿಸಿದ್ದು ಅದೇ.

ತರುಣ ತಿರುಗಿ ನಕ್ಕ. ಕೆಟ್ಟ ನಗೆಯಲ್ಲ, ಅವನ ಕಣ್ಣಲ್ಲಿ ಗೌರವವಿತ್ತು. "ಲಾ ಮದಾಮ್. ಮಕ್ಕಳೂ ಗುರುತಿಸೋ ಲಾ. ನೀವು ಅದನ್ನ ತಪ್ಪು ಹೇಳ್ತೀರಿ ಅಂದ್ರೆ ಯಾರು ನಂಬ್ತಾರೆ?"

"ನನ್ನ ತಂಗೀನ ಕೇಳಿ. ವೈದ್ಯರನ್ನ ಕೇಳಿ. ಕಿವಿ ಇದೆ, ಚೆನ್ನಾಗಿ ಕೇಳಿಸುತ್ತೆ ಅಂತಾರೆ, ಆದ್ರೆ..." ತಾವೇ ತಮ್ಮ ವಿರುದ್ಧ ಸಾಕ್ಷಿ ಹೇಳುತ್ತಿದ್ದರು.

ಪೆಲ್ತಿಯೇ ಹತ್ತಿರ ಬಂದು ಅವರ ಎರಡೂ ಕೈ ಹಿಡಿದುಕೊಂಡರು. "ಒಬ್ಬ ಹುಡುಗಿಗೋಸ್ಕರ ಇಂಥ ಕಿವೀನ ಒತ್ತೆ ಇಡೋಕೆ ಬಂದ್ರಿ. ಇದನ್ನ ನಾನು ಸಾಯೋವರೆಗೂ ಮರೆಯಲ್ಲ. ಆದ್ರೆ ತೀರ್ಪು ತೀರ್ಪೇ. ಮನೆಗೆ ಹೋಗಿ ಸುಧಾರಿಸ್ಕೊಳ್ಳಿ." ಅವರೇ ಬಾಗಿಲು ತೆರೆದು ಹಿಡಿದರು. ಆ ಸಂಜೆ ಮೊದಲ ಬಹುಮಾನ ಮೊಸ್ಯೂ ಕಾದೂನ ಒಬ್ಬ ಶಿಷ್ಯನಿಗೆ ಹೋಯಿತು. ಮದಾಮ್ ಅವರ ದೊಡ್ಡತನದ ಸುದ್ದಿ ರಾತ್ರಿ ಊಟದೊಳಗೆ ಊರೆಲ್ಲ ಹರಡಿತು. ಕಟುಕನ ಅಂಗಡಿಯವನು ಮರುದಿನ ಎದ್ವಿಜ್‌ಗೆ ಒಳ್ಳೆಯ ತುಂಡು ಆರಿಸಿ ಕೊಟ್ಟ. "ನಾನು ಹೇಳಿದೆ, ನಿಜವಾಗ್ಲೂ ಕಿವಿ ಹೋಗಿದೆ ಅಂತ" ಎಂದಳು ಎದ್ವಿಜ್ ಮನೆಗೆ ಬಂದು. "ನೀವಿಬ್ಬರೂ ಒಂದೇ ಥರ ದೊಡ್ಡವರು ಅಂದ ಆ ಪೆದ್ದ."

ಜಿಸ್ಲೇನ್ ಬಂದದ್ದು ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ. ತಾಯಿ ಕಳಿಸಿದ ಚೆರ್ರಿ ಹಣ್ಣಿನ ಬುಟ್ಟಿ ಕೈಯಲ್ಲಿತ್ತು. ಸೋಮವಾರದಿಂದ ಕಾರ್ಖಾನೆಗೆ, ತಾಯಿಯ ಪಕ್ಕದ ಮೇಜಿಗೆ ಹೋಗುತ್ತೇನೆಂದಳು. ಕಣ್ಣೀರು ಇರಲಿಲ್ಲ, ಅದೆಲ್ಲ ಮನೆಯಲ್ಲಿ ಮುಗಿಸಿ ಬಂದಿದ್ದಳು.

"ನಿಮ್ಮ ಮರ್ಯಾದೆ ತೆಗೆದೆ ಮದಾಮ್. ಕ್ಷಮಿಸಿ."

"ಜಿಸ್ಲೇನ್, ಕೇಳು. ನೀನು ಸರಿಯಾಗಿ ನುಡಿಸಿದೆ. ತಪ್ಪಿದ್ದು ನಾನು. ನನ್ನ ಕಿವಿ..."

"ಮೊಸ್ಯೂ ಪೆಲ್ತಿಯೇ ಹೇಳಿದ್ರು, ನೀವು ಹೀಗೆ ಹೇಳ್ತೀರಿ ಅಂತ." ಅವಳು ಬುಟ್ಟಿಯನ್ನು ಮೇಜಿನ ಮೇಲಿಟ್ಟಳು. "ನನ್ನ ಸಮಾಧಾನಕ್ಕೆ ನೀವು ಸುಳ್ಳು ಹೇಳೋದು ಬೇಡ ಮದಾಮ್."

ಮದಾಮ್ ಅವರಿಗೆ ಕೂಗಬೇಕೆನಿಸಿತು. ಅವಳ ತೋಳು ಹಿಡಿದು ಪಿಯಾನೋ ಹತ್ತಿರ ಎಳೆದುಕೊಂಡು ಹೋಗಿ, ಎಂಟು ವರ್ಷ ನಿಲ್ಲಿಸುತ್ತಿದ್ದ ಹಾಗೇ ಬೆನ್ನು ತಿರುಗಿಸಿ ನಿಲ್ಲಿಸಿದರು. ತನ್ನ ಕಿವಿ ಸರಿಯಿದೆ ಎಂದು ಅವಳಿಗೆ ಅವಳೇ ಹೇಳಿಕೊಳ್ಳಲಿ; ಬಹುಮಾನ ಹೋದರೂ ಅದೊಂದು ಉಳಿಯಲಿ. ಮದಾಮ್ ಕಣ್ಣಿನಿಂದ ನೋಡಿ ಸೋಲ್ ಮನೆ ಹುಡುಕಿ ಒತ್ತಿದರು.

"ಇದು ಯಾವ ಸ್ವರ?"

ಸದ್ದು ಕೋಣೆಯಲ್ಲಿ ನಿಂತು, ತೆಳ್ಳಗಾಗಿ, ಮುಗಿಯಿತು. ಹುಡುಗಿ ಬಾಯಿ ತೆರೆದಳು. ಮುಚ್ಚಿದಳು. ಮದಾಮ್ ಇನ್ನೊಮ್ಮೆ ಒತ್ತಿದರು.

"ಹೇಳು ಮಗು. ನಿಂಗೆ ಏನು ಕೇಳಿಸ್ತಿದೆ?"

ಜಿಸ್ಲೇನ್ ನಿಧಾನವಾಗಿ ತಿರುಗಿದಳು. ಪಿಯಾನೋದ ಮನೆಗಳ ಕಡೆ ನೋಡಲಿಲ್ಲ, ಮದಾಮ್ ಅವರ ಮುಖವನ್ನೇ ನೋಡಿದಳು.

"ನೀವೇ ಹೇಳಿ ಮದಾಮ್" ಎಂದಳು.